ಆ ಹಸಿರು ತಂತಿ ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ನೋಡಿ

ಮಾನ್ಯ ಸಂಪಾದಕರೇ,

ಪತ್ರಿಕೆಯ ಒಳಪುಟದಲ್ಲಿ ಆಗಾಗ ಒಂದು ಸಣ್ಣ ಸುದ್ದಿ ಬರುತ್ತದೆ. ವಿದ್ಯುತ್ ತಗುಲಿ ಸಾವು. ನಾಲ್ಕೈದು ಸಾಲು, ಅಷ್ಟೇ. ಬಟ್ಟೆ ಒಣಹಾಕುವಾಗ, ಪಂಪ್ ಹಾಕುವಾಗ, ಸ್ನಾನಕ್ಕೆ ಹೋದಾಗ ಅಂತ ಬರೆದಿರುತ್ತದೆ. ಹೆಸರು, ವಯಸ್ಸು ಇರುತ್ತದೆ. ಕರೆಂಟ್ ಆ ಕಬ್ಬಿಣಕ್ಕೆ ಹೇಗೆ ಬಂತು, ಬಂದ ಮೇಲೂ ಯಾಕೆ ತಾನಾಗಿ ಕಟ್ ಆಗಲಿಲ್ಲ ಅನ್ನುವುದು ಮಾತ್ರ ಇರುವುದಿಲ್ಲ. ಮೊದಲು ನಾನೂ ಓದಿ, ಅಯ್ಯೋ ಪಾಪ ಅಂದು ಪುಟ ತಿರುಗಿಸುತ್ತಿದ್ದೆ. ನಮ್ಮ ಮನೆಯಲ್ಲೇ ಆದ ಮೇಲೆ ಹಾಗೆ ತಿರುಗಿಸಲು ಮನಸ್ಸು ಬರುತ್ತಿಲ್ಲ. ಅದಕ್ಕೇ ಮನೆಯ ಅರ್ಥಿಂಗ್, ಅಂದರೆ ಉಪಕರಣದ ಲೋಹದ ಮೈಯನ್ನು ನೆಲಕ್ಕೆ ಜೋಡಿಸುವ ವ್ಯವಸ್ಥೆಯ ಬಗ್ಗೆ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದಷ್ಟೂ ಕತ್ತರಿಸದೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಮ್ಮ ಮನೆಯ ವಾಷಿಂಗ್ ಮಷಿನ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಒಂದೆರಡು ದಿನ ಅಲ್ಲ, ಹತ್ತಿರ ಹತ್ತಿರ ಎರಡು ವರ್ಷ. ಅಮ್ಮ ಚಪ್ಪಲಿ ಹಾಕಿಕೊಂಡೇ ಬಟ್ಟೆ ಹಾಕುತ್ತಿದ್ದರು. ಮನೆಗೆ ಬಂದವರಿಗೂ ಒದ್ದೆ ಕೈಯಲ್ಲಿ ಮುಟ್ಟಬೇಡಿ ಅಂತ ಹೇಳುತ್ತಿದ್ದೆವು. ಎಲ್ಲರೂ ಅದಕ್ಕೆ ಒಗ್ಗಿಹೋಗಿದ್ದೆವು, ಬಾಗಿಲು ಕಿರುಗುಟ್ಟಿದರೆ ಸುಮ್ನೆ ಇರುತ್ತೇವಲ್ಲ, ಹಾಗೆ. ಒಂದು ದಿನ ಬೆಳಿಗ್ಗೆ ನೆಲ ಒರೆಸಿ ಇನ್ನೂ ಆರಿರಲಿಲ್ಲ. ಅಮ್ಮ ಬರಿಗಾಲಲ್ಲಿ ಬಂದು ಒಂದು ಕೈಯನ್ನು ಮಷಿನ್ ಮೇಲಿಟ್ಟು, ಇನ್ನೊಂದು ಕೈಯಲ್ಲಿ ನೀರಿನ ನಲ್ಲಿ ತಿರುಗಿಸಲು ಹೋದರು. ಯಾರೋ ಎತ್ತಿ ಎಸೆದ ಹಾಗೆ ಹಿಂದಕ್ಕೆ ಬಿದ್ದರು. ನಾನು ಓಡಿಹೋಗಿ ಹಿಡಿದುಕೊಂಡೆ. ಅಷ್ಟರಲ್ಲಿ ಅವರ ಕೈ ಮಷಿನ್ ಬಿಟ್ಟಾಗಿತ್ತು. ಬಿಟ್ಟಿರದಿದ್ದರೆ ನಾನೂ ಅವರ ಜೊತೆ ಸಿಕ್ಕಿಕೊಳ್ಳುತ್ತಿದ್ದೆ. ಮೊದಲು ಮೇನ್ ಆಫ್ ಮಾಡಬೇಕು, ಆಮೇಲೆ ಮುಟ್ಟಬೇಕು ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ.

ಇದಕ್ಕೂ ಮೊದಲೇ ಒಬ್ಬ ಎಲೆಕ್ಟ್ರಿಷಿಯನ್ ಬಂದು ನೋಡಿ, ಅರ್ಥಿಂಗ್ ಇದೆ ಸಾರ್, ಮಷಿನ್‌ದೇ ತೊಂದರೆ ಅಂದಿದ್ದರು. ಮಷಿನ್ ರಿಪೇರಿಯವರು ಬಂದು, ಮಷಿನ್ ಸರಿ ಇದೆ, ನಿಮ್ಮ ಅರ್ಥಿಂಗ್ ನೋಡಿಸಿ ಅಂದಿದ್ದರು. ಇಬ್ಬರ ಮಾತನ್ನೂ ಕೇಳಿ ನಾನು ಏನೂ ಮಾಡಿರಲಿಲ್ಲ. ಅಮ್ಮ ಬಿದ್ದ ದಿನ ಸಂಜೆ ಇನ್ನೊಬ್ಬರು ಬಂದರು, ವಯಸ್ಸಾದವರು, ಈ ಕೆಲಸದಲ್ಲೇ ತಲೆ ಹಣ್ಣಾದವರು. ಅವರು ಟೆಸ್ಟರನ್ನು ಜೇಬಿಂದ ತೆಗೆಯಲೇ ಇಲ್ಲ. ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದರು. ಅರ್ಥ್‌ನ ಹಸಿರು ತಂತಿ ಅಲ್ಲಿತ್ತು. ಸ್ಕ್ರೂಗೆ ಕಟ್ಟಿರಲಿಲ್ಲ. ಸುರುಳಿ ಸುತ್ತಿ ಹಿಂದಕ್ಕೆ ತುರುಕಿದ್ದರು. ಮನೆ ಕಟ್ಟಿದಾಗಿನಿಂದ ಅದು ಹಾಗೇ ಇತ್ತು.

ಎರಡು ವರ್ಷದ ಆ ಜುಮ್ ಯಾಕೆ ಬರುತ್ತಿತ್ತು ಅಂತ ಅವರೇ ಬಿಡಿಸಿ ಹೇಳಿದರು. ಈಗಿನ ಎಲೆಕ್ಟ್ರಾನಿಕ್ ಮಷಿನ್‌ಗಳು, ಕಂಪ್ಯೂಟರ್‌ಗಳ ಒಳಗೆ ಒಂದು ಫಿಲ್ಟರ್ ಇರುತ್ತದೆ. ಅದರ ಕೆಪಾಸಿಟರ್ ಮೂಲಕ ಬಹಳ ಸಣ್ಣ ಕರೆಂಟ್ ಲೋಹದ ಮೈಗೆ ಬರುತ್ತಲೇ ಇರುತ್ತದೆ. ಅರ್ಥ್ ಇದ್ದರೆ ಅದು ಆ ತಂತಿಯಲ್ಲೇ ಇಳಿದುಹೋಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಅರ್ಥ್ ಇಲ್ಲದಿದ್ದರೆ ಮಷಿನ್‌ನ ಮೈ ಅರ್ಧ ವೋಲ್ಟೇಜ್‌ನಲ್ಲಿ, ಅಂದರೆ 230 ವೋಲ್ಟ್ ಇರುವ ಕಡೆ ಸುಮಾರು 115 ವೋಲ್ಟ್‌ನಲ್ಲಿ ಹಾಗೇ ನಿಂತಿರುತ್ತದೆ. ಕರೆಂಟ್ ತೀರಾ ಕಡಿಮೆ, ಹಾಗಾಗಿ ಜುಮ್ ಅನ್ನುತ್ತದೆಯೇ ಹೊರತು ಜೀವ ತೆಗೆಯುವುದಿಲ್ಲ. ಆದರೆ ಅದು ಏನು ಹೇಳುತ್ತಿದೆ ನೋಡಿ. ಇಲ್ಲಿ ಅರ್ಥ್ ಇಲ್ಲ, ಇಲ್ಲಿ ಅರ್ಥ್ ಇಲ್ಲ ಅಂತ ದಿನಾ ಹೇಳುತ್ತಿತ್ತು, ನಾವು ಚಪ್ಪಲಿ ಹಾಕಿಕೊಂಡೆವು. ಆ ದಿನ ಆಗಿದ್ದೇ ಬೇರೆ. ಮಷಿನ್ ಒಳಗಿನ ನೀರು ಕಾಯಿಸುವ ಕಾಯಿಲ್ ಹಾಳಾಗಿ ನಿಜವಾದ ಕರೆಂಟೇ ಮೈಗೆ ಬಂದಿತ್ತು.

ಶಾಕ್ ಎಷ್ಟರಲ್ಲಿ ಕೊಲ್ಲುತ್ತದೆ ಅನ್ನುವ ಅಂದಾಜು ನನಗಿರಲಿಲ್ಲ. 1 ಮಿಲಿ ಆಂಪ್ ಹರಿದರೆ ಸುಮ್ಮನೆ ಜುಮ್ ಅಂತ ಗೊತ್ತಾಗುತ್ತದೆ. 10 ಮಿಲಿ ಆಂಪ್ ಹೊತ್ತಿಗೆ ಕೈಯ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡಲು ಆಗದೆ ಹೋಗಬಹುದು. ಅಮೆರಿಕದ ಬರ್ಕ್ಲಿಯಲ್ಲಿ ಪ್ರೊಫೆಸರ್ ಆಗಿದ್ದ ಚಾರ್ಲ್ಸ್ ಡಾಲ್ಜಿಯಲ್ ಇದನ್ನು ಸ್ವಯಂಸೇವಕರ ಮೇಲೆ ಪರೀಕ್ಷೆ ಮಾಡಿ ಅಳೆದಿದ್ದರು. ಅದಕ್ಕಿಂತ ಜಾಸ್ತಿ, ಹತ್ತಾರು ಮಿಲಿ ಆಂಪ್ ಎದೆಯ ಮೂಲಕ ಒಂದೆರಡು ಸೆಕೆಂಡ್ ಹರಿದರೂ ಹೃದಯದ ಬಡಿತ ತಪ್ಪಬಹುದು. ಮನುಷ್ಯನ ಮೈ ಕರೆಂಟಿಗೆ ಒಡ್ಡುವ ತಡೆ ಸುಮಾರು 1000 ಓಮ್ ಅಂತ ಲೆಕ್ಕ ಹಿಡಿಯುತ್ತಾರೆ. 230 ವೋಲ್ಟ್ ಸಿಕ್ಕರೆ 230 ಮಿಲಿ ಆಂಪ್. ಕೈ ಕಾಲು ಒದ್ದೆ ಇದ್ದರೆ ಇನ್ನೂ ಜಾಸ್ತಿ. ಮನೆಯ ಒಂದು ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್, 16 ಆಂಪ್‌ಗೆ ಇರುತ್ತದೆ, ಅಂದರೆ 16,000 ಮಿಲಿ ಆಂಪ್. ಹಾಗಾಗಿ ಎಂಸಿಬಿ ಇದೆಯಲ್ಲ, ಶಾಕ್ ಹೊಡೆದರೆ ಟ್ರಿಪ್ ಆಗುತ್ತದೆ ಅಂತ ಯಾರಾದರೂ ಅಂದುಕೊಂಡಿದ್ದರೆ ದಯವಿಟ್ಟು ಆ ನಂಬಿಕೆ ಬಿಡಿ. ಅದು ವೈರ್ ಸುಡದ ಹಾಗೆ ಕಾಯುವುದಕ್ಕೆ ಇರುವುದು. ನಿಮ್ಮ ಮೂಲಕ ಹರಿಯುವ ಕರೆಂಟ್ ಅದರ ಗಮನಕ್ಕೇ ಬರುವುದಿಲ್ಲ.

ಈಗ ಆ ಮೂರನೇ ತಂತಿಯ, ಅಂದರೆ ಹಸಿರು ಅರ್ಥ್ ತಂತಿಯ ಕೆಲಸ. ಭೂಮಿ ಕರೆಂಟನ್ನು ನುಂಗಿಬಿಡುತ್ತದೆ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೇವೆ. ನಾನೂ ಹಾಗೇ ತಿಳಿದಿದ್ದೆ. ಕರೆಂಟಿಗೆ ಭೂಮಿ ಸೇರುವ ಆಸೆ ಏನೂ ಇಲ್ಲ, ಅದು ಹೊರಟ ಜಾಗಕ್ಕೆ, ಅಂದರೆ ಟ್ರಾನ್ಸ್‌ಫಾರ್ಮರ್‌ಗೆ ವಾಪಸ್ ಹೋಗಬೇಕು. ಟ್ರಾನ್ಸ್‌ಫಾರ್ಮರ್‌ನ ನ್ಯೂಟ್ರಲ್ ಅನ್ನು (ಕರೆಂಟ್ ವಾಪಸ್ ಬರುವ ತಂತಿ) ನೆಲಕ್ಕೆ ಜೋಡಿಸಿರುತ್ತಾರೆ, ಆದ್ದರಿಂದಲೇ ನೆಲದ ಮೂಲಕವೂ ವಾಪಸ್ ಹೋಗುವ ದಾರಿ ಇದೆ. ಮಷಿನ್‌ನ ಮೈಗೆ ಫೇಸ್ (ಕರೆಂಟ್ ತರುವ ತಂತಿ) ತಗುಲಿದಾಗ ಅರ್ಥ್ ತಂತಿ ಒಂದು ಸುಲಭದ ದಾರಿ ಕೊಟ್ಟು, ಅದರಲ್ಲಿ ಭಾರೀ ಕರೆಂಟ್ ಹರಿಯುವಂತೆ ಮಾಡಿ, ಆ ಭಾರಕ್ಕೆ ಫ್ಯೂಸೋ ಎಂಸಿಬಿಯೋ ತಕ್ಷಣ ಕಟ್ ಆಗುವಂತೆ ಮಾಡಬೇಕು. ಅರ್ಥಿಂಗ್ ಅಂದರೆ ಇದು. ಕಟ್ ಮಾಡಿಸದ ಅರ್ಥಿಂಗ್ ಇದ್ದರೂ ಇಲ್ಲದ ಹಾಗೇ.

ಕಟ್ ಮಾಡಿಸುತ್ತದೆಯಾ ಅನ್ನುವುದು ಆ ದಾರಿಯ ಓಮ್ ಮೇಲೆ ನಿಂತಿದೆ. ಈ ಲೆಕ್ಕವನ್ನು ಆ ಹಿರಿಯರು ನಮ್ಮ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದು ತೋರಿಸಿದರು, ಅದನ್ನು ಇನ್ನೂ ಅಳಿಸಿಲ್ಲ. ಕೆಲವು ಕಡೆ ಕರೆಂಟ್ ಕೊಡುವವರೇ ಕೇಬಲ್ ಜೊತೆ ಅರ್ಥ್ ಸಂಪರ್ಕವನ್ನೂ ಕೊಡುತ್ತಾರೆ. ಆಗ ಹೋಗಿ ಬರುವ ಇಡೀ ದಾರಿ ಲೋಹದ್ದೇ, ಸುಮಾರು 1 ಓಮ್ ಅಂತಿಟ್ಟುಕೊಳ್ಳಿ. 230 ಆಂಪ್ ಹರಿಯುತ್ತದೆ, 16 ಆಂಪ್‌ನ ಎಂಸಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಟ್ರಿಪ್ ಆಗಿ ಬೀಳುತ್ತದೆ. ಇನ್ನು ಕೆಲವು ಕಡೆ ಮನೆಯವರೇ ಅರ್ಥ್‌ಗಾಗಿ ನೆಲದಲ್ಲಿ ಲೋಹದ ರಾಡ್ ಹುಗಿದುಕೊಳ್ಳಬೇಕು. ನಿಮ್ಮ ರಾಡ್ 10 ಓಮ್, ಟ್ರಾನ್ಸ್‌ಫಾರ್ಮರ್ ಕಡೆಯದು 2 ಓಮ್ ಅಂತ ಹಿಡಿಯಿರಿ. 230ನ್ನು 12ರಿಂದ ಭಾಗಿಸಿದರೆ 19 ಆಂಪ್. ಈ 19 ಆಂಪ್‌ಗೆ 16ರ ಎಂಸಿಬಿ ಒಂದು ಗಂಟೆ ಆದರೂ ಬೀಳದೆ ಇರಬಹುದು, ಯಾಕೆಂದರೆ ತನ್ನ ಅಳತೆಯ 1.45 ಪಟ್ಟು ಹರಿದಾಗ ಒಂದು ಗಂಟೆಯೊಳಗೆ ಬೀಳಬೇಕು ಅನ್ನುವುದೇ ಅದಕ್ಕಿರುವ ನಿಯಮ. ಅಷ್ಟೂ ಹೊತ್ತು ನಿಮ್ಮ ಮಷಿನ್‌ನ ಮೈ ಮೇಲೆ ಸುಮಾರು 190 ವೋಲ್ಟ್ ಇರುತ್ತದೆ. ಅರ್ಥಿಂಗ್ ಇದೆ, ರಾಡ್ ಇದೆ, ಹಸಿರು ತಂತಿ ಸರಿಯಾಗಿ ಕಟ್ಟಿದೆ, ಎಲ್ಲವೂ ಇದ್ದು 190 ವೋಲ್ಟ್. 10 ಓಮ್ ಅನ್ನುವುದು ಕೆಟ್ಟ ರಾಡ್ ಏನಲ್ಲ, ಒಣ ನೆಲದಲ್ಲಿ, ಕ್ಲಾಂಪ್ ತುಕ್ಕು ಹಿಡಿದಾಗ ಅದು ನೂರು ದಾಟುವುದೂ ಉಂಟು.

ನನ್ನನ್ನು ಜಾಸ್ತಿ ಹೆದರಿಸಿದ್ದು ಇದೇ. ಇದಕ್ಕೆ ಉತ್ತರ ಆರ್‌ಸಿಸಿಬಿ. ಕೆಲವರು ಹಳೆಯ ಅಭ್ಯಾಸದಲ್ಲಿ ಇಎಲ್‌ಸಿಬಿ ಅಂತ ಕರೆಯುತ್ತಾರೆ. ಫೇಸ್‌ನಲ್ಲಿ ಎಷ್ಟು ಹೋಯಿತು, ನ್ಯೂಟ್ರಲ್‌ನಲ್ಲಿ ಎಷ್ಟು ವಾಪಸ್ ಬಂತು ಅಂತ ಅದು ಸದಾ ತೂಗಿ ನೋಡುತ್ತಿರುತ್ತದೆ. ಎರಡರ ನಡುವೆ 30 ಮಿಲಿ ಆಂಪ್ ವ್ಯತ್ಯಾಸ ಬಂದರೆ, ಎಲ್ಲೋ ಸೋರುತ್ತಿದೆ ಅಂತ ಅರ್ಥ, 0.3 ಸೆಕೆಂಡ್ ಒಳಗೆ ಕಟ್ ಮಾಡಲೇಬೇಕು. ವ್ಯತ್ಯಾಸ ಅದರ ಐದು ಪಟ್ಟು ಇದ್ದರೆ 0.04 ಸೆಕೆಂಡ್. ರಾಡ್ 100 ಓಮ್ ಇದ್ದರೂ ಫಾಲ್ಟ್ ಆದಾಗ, ಅಂದರೆ ಫೇಸ್ ಮೈಗೆ ತಗುಲಿದಾಗ, ಎರಡು ಆಂಪ್ ಮೇಲೆ ಹರಿಯುತ್ತದೆ, ಇದಕ್ಕೆ ಅಷ್ಟು ಧಾರಾಳ ಸಾಕು. ಡಾಲ್ಜಿಯಲ್ ಅವರೇ ಮುಂದೆ 1961ರಲ್ಲಿ ಅಮೆರಿಕದಲ್ಲಿ ಇಂಥದ್ದೇ ಉಪಕರಣ ಮಾಡಿದರು. ಅಲ್ಲಿ ಅದು ಸುಮಾರು 5 ಮಿಲಿ ಆಂಪ್‌ಗೇ ಬೀಳುತ್ತದೆ.

ಹಾಗಂತ ಆರ್‌ಸಿಸಿಬಿ ಇದ್ದರೆ ಅರ್ಥ್ ಬೇಡ ಅನ್ನುವವರೂ ಸಿಕ್ಕಿದರು ನನಗೆ. ತಪ್ಪು. ಅರ್ಥ್ ತಂತಿ ಇದ್ದರೆ ಮಷಿನ್ ಕೆಟ್ಟ ಕ್ಷಣದಲ್ಲೇ, ಯಾರೂ ಮುಟ್ಟುವ ಮೊದಲೇ ಆರ್‌ಸಿಸಿಬಿ ಬೀಳುತ್ತದೆ. ಇಲ್ಲದಿದ್ದರೆ ಅದು ಬೀಳಲು ಒಬ್ಬ ಮನುಷ್ಯ ಮುಟ್ಟಬೇಕು. ಸೋರುವ ದಾರಿ ಅವನ ಮೈಯೇ ಆಗಬೇಕು. ಬೀಳುತ್ತದೆ ನಿಜ, ಆದರೆ ಶಾಕ್ ಹೊಡೆದ ಮೇಲೆ. ಜೊತೆಗೆ ಒಂದು ಕೈ ಫೇಸ್‌ಗೆ, ಇನ್ನೊಂದು ನ್ಯೂಟ್ರಲ್‌ಗೆ ತಗುಲಿದರೆ ಅದಕ್ಕೆ ಅದು ಬಲ್ಬೋ ಮನುಷ್ಯನೋ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ. ಅದರ ಮೇಲೆ ಟೆಸ್ಟ್ ಅಂತ ಒಂದು ಗುಂಡಿ ಇದೆಯಲ್ಲ, ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ. ಬಿದ್ದರೆ ಆರ್‌ಸಿಸಿಬಿ ಸರಿ ಇದೆ ಅಂತ ಮಾತ್ರ ಅರ್ಥ. ಆ ಗುಂಡಿಗೂ ನಿಮ್ಮ ಅರ್ಥ್ ತಂತಿಗೂ ಸಂಬಂಧವೇ ಇಲ್ಲ, ಅರ್ಥ್ ಪೂರ್ತಿ ಕಿತ್ತುಹೋಗಿದ್ದರೂ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆ.

ಇನ್ನು ಪದೇ ಪದೇ ಬೀಳುತ್ತದೆ, ತಲೆನೋವು ಅಂತ ಆರ್‌ಸಿಸಿಬಿ ತೆಗೆಸಿ ನೇರ ಜೋಡಿಸಿಕೊಂಡ ಮನೆಗಳನ್ನು ನಾನು ನೋಡಿದ್ದೇನೆ. ಅದು ಸುಮ್ನೆ ಬೀಳುತ್ತಿಲ್ಲ. ಗೀಸರ್ ಕಾಯಿಲ್ ಸೋರುತ್ತಿರಬಹುದು, ಹೊರಗಿನ ಲೈಟ್‌ನ ಹೋಲ್ಡರ್‌ಗೆ ನೀರು ಇಳಿದಿರಬಹುದು, ಎಲ್ಲೋ ನ್ಯೂಟ್ರಲ್ ಮತ್ತು ಅರ್ಥ್ ಕೂಡಿಕೊಂಡಿರಬಹುದು. ಒಂದೊಂದೇ ಲೈನ್ ಆಫ್ ಮಾಡಿ ಹುಡುಕಿದರೆ ಸಿಗುತ್ತದೆ. ಒಂದು ದಿನದ ಕೆಲಸ.

ನ್ಯೂಟ್ರಲ್ ಮತ್ತು ಅರ್ಥ್ ಅಂದೆನಲ್ಲ, ಆ ಬಗ್ಗೆ ಬಿಡಿಸಿ ಹೇಳಲೇಬೇಕು. ಮನೆಯಲ್ಲಿ ಅರ್ಥ್ ಎಳೆದಿಲ್ಲ ಅಂದಾಗ ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್‌ಗೆ ಒಂದು ಸಣ್ಣ ತುಂಡು ತಂತಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಟೆಸ್ಟ್ ಮಾಡಿದರೆ ಎಲ್ಲ ಸರಿ ಇರುವ ಹಾಗೇ ಕಾಣುತ್ತದೆ, ಜುಮ್ ಅನ್ನುವುದೂ ನಿಲ್ಲುತ್ತದೆ. ಆದರೆ ಹಿಂದೆ ಎಲ್ಲೋ ಆ ನ್ಯೂಟ್ರಲ್ ತಂತಿ ಲೂಸ್ ಆಗಿ ಬಿಟ್ಟುಕೊಂಡರೆ ಏನಾಗುತ್ತದೆ ಯೋಚಿಸಿ. ಫೇಸ್ ಮಷಿನ್ ಒಳಗೆ ಹೋಗಿ, ಮೋಟಾರ್ ದಾಟಿ, ನ್ಯೂಟ್ರಲ್‌ಗೆ ಬಂದು, ವಾಪಸ್ ಹೋಗಲು ದಾರಿ ಇಲ್ಲದೆ ಆ ತುಂಡು ತಂತಿಯ ಮೂಲಕ ಮಷಿನ್‌ನ ಮೈಗೆ ಬಂದು ಕೂರುತ್ತದೆ. ಮಷಿನ್ ಕೆಟ್ಟಿರುವುದೇ ಇಲ್ಲ. ಆನ್ ಆಗುತ್ತಿಲ್ಲವಲ್ಲ ಅಂತ ನೋಡಲು ಬಂದವರು ಮುಟ್ಟುತ್ತಾರೆ. ಮುಂದೆ ಯಾರೋ ಫೇಸ್ ನ್ಯೂಟ್ರಲ್ ಅದಲು ಬದಲು ಮಾಡಿದರಂತೂ ಸ್ವಿಚ್ ಹಾಕಿದ ಕೂಡಲೇ ಮೈಯೆಲ್ಲ ಫೇಸ್. ಅರ್ಥ್ ಇಲ್ಲದ ಸಾಕೆಟ್‌ಗಿಂತ ಇದು ಕೆಟ್ಟದ್ದು. ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಬೇಕಾದ ಜಾಗ ಕರೆಂಟ್ ಕೊಡುವವರ ಕಡೆ ಇರುತ್ತದೆ, ಮನೆಯೊಳಗಿನ ಸಾಕೆಟ್‌ನಲ್ಲಿ ಅಲ್ಲ.

ಎಕ್ಸ್‌ಟೆನ್ಶನ್ ಬೋರ್ಡ್ ಕೂಡ ತಿರುಗಿಸಿ ನೋಡಿ. ಮೇಲೆ ಮೂರು ತೂತು ಇರುತ್ತದೆ, ಒಳಗೆ ಬಂದಿರುವ ವೈರ್‌ನಲ್ಲಿ ಎರಡೇ ಎಳೆ. ಮೂರು ಪಿನ್ ಪ್ಲಗ್ಗನ್ನು ಎರಡು ಪಿನ್ ಸಾಕೆಟ್‌ಗೆ ಹಾಕುವ ಕನ್ವರ್ಟರ್ ಬರುತ್ತದೆ, ಅದೂ ಹಾಗೇ. ಪ್ಲಗ್‌ನ ಆ ಉದ್ದದ ಅರ್ಥ್ ಪಿನ್ ಹಾಕುವಾಗ ಎಲ್ಲಕ್ಕಿಂತ ಮೊದಲು ಕೂಡಲಿ, ತೆಗೆಯುವಾಗ ಕೊನೆಗೆ ಬಿಡಲಿ ಅಂತ ಉದ್ದ ಮಾಡಿದ್ದಾರೆ. ಅದನ್ನು ಕತ್ತರಿಸಿ ಎಸೆಯುವವರಿದ್ದಾರೆ. ಹಾಗಂತ ಎರಡು ಪಿನ್ ಇರುವ ಎಲ್ಲವೂ ಅಪಾಯ ಅಂತಲ್ಲ. ಒಂದು ಚೌಕದೊಳಗೆ ಇನ್ನೊಂದು ಚೌಕ ಇರುವ ಗುರುತು ಇದ್ದರೆ ಅದರಲ್ಲಿ ಎರಡು ಪದರ ಇನ್ಸುಲೇಶನ್ ಇದೆ, ಅದಕ್ಕೆ ಅರ್ಥ್ ಬೇಕಿಲ್ಲ.

ಬಾಂಡಿಂಗ್ ಅನ್ನುವ ಮಾತನ್ನು ನಾನು ಆ ಹಿರಿಯರ ಬಾಯಲ್ಲೇ ಮೊದಲು ಕೇಳಿದ್ದು. ಹಸಿರು ತಂತಿ ಸರಿ ಮಾಡಿ, ಆರ್‌ಸಿಸಿಬಿ ಹಾಕಿ ಆದ ಮೇಲೂ ಅವರು ಹೊರಡಲಿಲ್ಲ. ಅಮ್ಮ ಇನ್ನೊಂದು ಕೈಯಲ್ಲಿ ಏನು ಮುಟ್ಟಿದ್ದರು ಅಂತ ಕೇಳಿದರು. ನಲ್ಲಿ. ಕಬ್ಬಿಣದ ಪೈಪ್. ಅವರು ಹೇಳಿದ್ದು ಹೀಗೆ: ಶಾಕ್ ಹೊಡೆಯಬೇಕಾದರೆ ಎರಡು ಜಾಗ ಬೇಕು, ಎರಡರ ವೋಲ್ಟೇಜ್ ಬೇರೆ ಬೇರೆ ಇರಬೇಕು. ಅರ್ಥ್ ತಂತಿ ಚೆನ್ನಾಗಿದ್ದರೂ, ಫಾಲ್ಟ್ ಆಗಿ ಕಟ್ ಆಗುವವರೆಗಿನ ಆ ಅರೆ ಗಳಿಗೆಯಲ್ಲಿ ಮಷಿನ್‌ನ ಮೈ ಸೊನ್ನೆಯಲ್ಲಿ ಇರುವುದಿಲ್ಲ. ಫೇಸ್ ತಂತಿಯೂ ಅರ್ಥ್ ತಂತಿಯೂ ಒಂದೇ ದಪ್ಪ ಇದ್ದರೆ ಸುಮಾರು ಅರ್ಧ ವೋಲ್ಟೇಜ್ ಅದರ ಮೇಲಿರುತ್ತದೆ. ನೆಲದಿಂದ ಬಂದ ಪೈಪ್ ಸೊನ್ನೆಯಲ್ಲಿ ಇರುತ್ತದೆ. ನಡುವೆ ಅಮ್ಮ. ಪೈಪನ್ನೂ ಮಷಿನ್‌ನ ಅರ್ಥನ್ನೂ ಅಲ್ಲೇ ಒಂದು ತಂತಿಯಲ್ಲಿ ಕಟ್ಟಿಬಿಟ್ಟರೆ ಏರುವಾಗ ಎರಡೂ ಒಟ್ಟಿಗೇ ಏರುತ್ತವೆ, ಎರಡು ಕೈಗಳ ನಡುವೆ ವ್ಯತ್ಯಾಸ ಉಳಿಯುವುದಿಲ್ಲ. ಹೀಗೆ ಕಟ್ಟುವುದೇ ಬಾಂಡಿಂಗ್.

ಅಂತಾರಾಷ್ಟ್ರೀಯ ನಿಯಮವಾದ ಐಇಸಿ 60364 ಈ ಎರಡನ್ನೂ ಒಟ್ಟಿಗೇ ಕೇಳುತ್ತದೆ. ಫಾಲ್ಟ್ ಆದರೆ 230 ವೋಲ್ಟ್ ಸಾಕೆಟ್ ಲೈನ್ ಕೇಬಲ್ ಜೊತೆ ಅರ್ಥ್ ಬರುವ ಕಡೆ 0.4 ಸೆಕೆಂಡ್‌ನಲ್ಲಿ, ಸ್ವಂತ ರಾಡ್ ಇರುವ ಕಡೆ 0.2 ಸೆಕೆಂಡ್‌ನಲ್ಲಿ ಕಟ್ ಆಗಬೇಕು. ಅದರ ಜೊತೆಗೆ ಹೊರಗಿಂದ ಮನೆಯೊಳಗೆ ಬರುವ ಲೋಹದ ನೀರಿನ ಪೈಪ್, ಗ್ಯಾಸ್ ಪೈಪ್, ಕಟ್ಟಡದ ಕಬ್ಬಿಣ ಎಲ್ಲವನ್ನೂ ಮುಖ್ಯ ಅರ್ಥ್ ಪಟ್ಟಿಗೆ ಕಟ್ಟಬೇಕು, ತಾಮ್ರದ ತಂತಿ ಕನಿಷ್ಠ 6 ಚದರ ಮಿಲಿಮೀಟರ್ ಇರಬೇಕು. ಬಚ್ಚಲಲ್ಲಿ ಮೈ ಒದ್ದೆ, ಕಾಲು ಬರಿ, ಸುತ್ತ ಲೋಹ, ಅಲ್ಲಿ ಇದು ಇನ್ನೂ ಮುಖ್ಯ. ಪೂರ್ತಿ ಪ್ಲಾಸ್ಟಿಕ್ ಪೈಪ್ ಇದ್ದರೆ ಅದನ್ನು ಕಟ್ಟುವ ಅಗತ್ಯ ಇಲ್ಲ. ಆದರೆ ಪ್ಲಾಸ್ಟಿಕ್ ಇನ್ನೊಂದು ರೀತಿಯಲ್ಲಿ ಕೈಕೊಡುತ್ತದೆ. ಹಳೆಯ ಮನೆಗಳಲ್ಲಿ ನೀರಿನ ಪೈಪನ್ನೇ ಅರ್ಥ್ ಮಾಡಿಕೊಂಡಿರುತ್ತಾರೆ. ಎಲ್ಲೋ ಸೋರಿತು ಅಂತ ಪ್ಲಂಬರ್ ನಡುವೆ ಒಂದಡಿ ಪ್ಲಾಸ್ಟಿಕ್ ಪೈಪ್ ಹಾಕಿ ಹೋಗುತ್ತಾರೆ. ಅವತ್ತಿಗೆ ಆ ಮನೆಯ ಅರ್ಥ್ ಮುಗಿಯಿತು, ಯಾರಿಗೂ ಗೊತ್ತೇ ಆಗುವುದಿಲ್ಲ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಅರ್ಥಿಂಗ್ ಇದೆ ಅನ್ನುವ ಮಾತನ್ನು ಯಾರ ಬಾಯಿಂದಲೂ ಒಪ್ಪಿಕೊಳ್ಳಬೇಡಿ, ಅಳೆದು ತೋರಿಸಿ ಅನ್ನಿ. ಟೆಸ್ಟರ್‌ನ ದೀಪ ಕೂದಲೆಳೆಯಷ್ಟು ಕರೆಂಟ್‌ಗೂ ಹೊತ್ತಿಕೊಳ್ಳುತ್ತದೆ. ಮಲ್ಟಿಮೀಟರ್ 230 ತೋರಿಸಿದರೂ ಆ ತಂತಿ ಭಾರ ಹೊರುತ್ತದೆ ಅಂತ ಹೇಳಿದ ಹಾಗಾಗಲಿಲ್ಲ. ಫೇಸ್‌ನಿಂದ ಅರ್ಥ್‌ಗೆ 100 ವಾಟ್ ಬಲ್ಬ್ ಉರಿಸಿ ತೋರಿಸುವವರಿದ್ದಾರೆ. ಆ ಬಲ್ಬಿಗೆ ಬೇಕಾಗಿರುವುದು ಅರ್ಧ ಆಂಪ್‌ಗಿಂತ ಕಡಿಮೆ, 100 ಓಮ್‌ನ ಕೆಟ್ಟ ಅರ್ಥ್‌ನಲ್ಲೂ ಅದು ಉರಿಯುತ್ತದೆ, ಸ್ವಲ್ಪ ಮಂಕಾಗಿ ಅಷ್ಟೇ. ಇದಕ್ಕೆಂದೇ ಕರೆಂಟ್ ಹೋಗಿ ಬರುವ ಇಡೀ ದಾರಿಯ ಓಮ್ ಅಳೆಯುವ ಲೂಪ್ ಟೆಸ್ಟರ್ ಇದೆ, ರಾಡ್ ಅಳೆಯುವ ಮೀಟರ್ ಇದೆ. ಅವು ಇರುವವರನ್ನು ಕರೆಸಿ. ಪ್ರತಿ ಸಾಕೆಟ್‌ನ ಹಸಿರು ತಂತಿ ಬೋರ್ಡ್‌ನ ಅರ್ಥ್ ಪಟ್ಟಿಗೆ ಬಂದಿದೆಯಾ, ಅಲ್ಲಿಂದ ರಾಡ್‌ವರೆಗೆ ಎಲ್ಲೂ ತುಂಡಾಗದೆ ಹೋಗಿದೆಯಾ ಅಂತ ಜೊತೆಗೆ ನಿಂತು ನೋಡಿ. ನಮ್ಮ ಮನೆಯಲ್ಲಿ ಹೀಗೆ ಹೋಗಿ ನೋಡಿದಾಗ ಬೋರ್ಡ್‌ನಲ್ಲಿ ಮತ್ತೆ ಎರಡು ತಂತಿ ಲೂಸ್ ಸಿಕ್ಕವು, ರಾಡ್ ಹತ್ತಿರದ ಕ್ಲಾಂಪ್ ಕೈಯಲ್ಲಿ ಮುಟ್ಟಿದರೆ ಪುಡಿಯಾಗಿ ಉದುರಿತು. ಸಾಕೆಟ್ ಒಂದನ್ನೇ ಸರಿ ಮಾಡಿ ಬಿಟ್ಟಿದ್ದರೆ ಏನೂ ಉಪಯೋಗ ಇರಲಿಲ್ಲ, ಅಲ್ವಾ?

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಬೇರೆ. ಆ ನಾಲ್ಕೈದು ಸಾಲಿನ ಸುದ್ದಿಗೆ ಎರಡು ಸಾಲು ಸೇರಿಸಲು ನಿಮ್ಮ ವರದಿಗಾರರಿಗೆ ಹೇಳಿ. ಆ ಮನೆಯಲ್ಲಿ ಅರ್ಥ್ ತಂತಿ ಇತ್ತಾ, ಇದ್ದರೆ ಅದು ಎಲ್ಲಿ ಕಡಿದಿತ್ತು. ಆರ್‌ಸಿಸಿಬಿ ಇತ್ತಾ, ಇದ್ದೂ ಯಾಕೆ ಬೀಳಲಿಲ್ಲ. ತನಿಖೆ ಮಾಡಿದವರನ್ನು ಕೇಳಿದರೆ ಗೊತ್ತಾಗುತ್ತದೆ. ಓದಿದವರು ತಮ್ಮ ಮನೆಯ ಸಾಕೆಟ್ ಕಡೆ ಒಮ್ಮೆ ತಿರುಗಿ ನೋಡುತ್ತಾರೆ.

ಇತಿ,
ನಿಮ್ಮ ಪತ್ರಿಕೆಯ ಒಬ್ಬ ಓದುಗ